ಹಗ್ಗ ಹಿಡಿದವರು

ಮೈದುನ ಹಡಗಿನ ಅಡಿತೊಲೆಯ ಮೇಲೆ ಗರಗಸ ಇಟ್ಟು ಒಂದು ಸಲ ಎಳೆದೂಬಿಟ್ಟಿದ್ದ. ಬಿದಿರು ಕಿರ್ರೆಂದಿತು. ಅಷ್ಟರಲ್ಲಿ ಅತ್ತಿಗೆ ಹಡಗಿನ ಹೊಟ್ಟೆಯಡಿಯಿಂದ ನುಸುಳಿ ಬಂದು ಅವನ ಮಣಿಕಟ್ಟು ಹಿಡಿದಳು.

“ಕೈ ಬಿಡಿ ಅತ್ತಿಗೆ. ಅಣ್ಣನ್ನ ಹೊರಗೆ ತರೋದು ಬೇಡ್ವಾ?”

ಬೇಡ ಅನ್ನೋಕೆ ಅವಳಿಗೇನು ತಲೆ ಕೆಟ್ಟಿದೆಯೇ? ಗಂಡ ನಿನ್ನೆ ಸಂಜೆಯಿಂದ ಒಳಕೋಣೆಯಲ್ಲಿ ತಣ್ಣಗೆ ಮಲಗಿದ್ದ. ಬೀದಿಯಲ್ಲಿ ಹೆಣದ ವ್ಯಾನು ನಿಂತಿತ್ತು. ಇವೆರಡರ ನಡುವೆ, ನಡುಮನೆಯನ್ನು ಗೋಡೆಯಿಂದ ಗೋಡೆಗೆ ತುಂಬಿಕೊಂಡು, ಅವನೇ ಬಿದಿರಿನ ಸೀಳು ಮತ್ತು ರೇಷ್ಮೆಯಲ್ಲಿ ಕಟ್ಟಿದ, ಉದ್ದನೆಯ ಬಲೂನಿನಂಥ ಗಾಳಿಹಡಗು ಸ್ಟ್ಯಾಂಡಿನ ಮೇಲೆ ಕೂತಿತ್ತು. ಒಬ್ಬೊಬ್ಬರೇ ಆದರೆ ಅಡಿಯಲ್ಲಿ ಬಗ್ಗಿ ತೂರಬಹುದು, ಹೆಣ ಹೊತ್ತವರು ಹೇಗೆ ತೂರುತ್ತಾರೆ? ಬಾಗಿಲೋ ಪಕ್ಕದ ಗೋಡೆಯಲ್ಲಿದೆ. ಅಷ್ಟುದ್ದದ ಹಡಗನ್ನು ಅತ್ತ ತಿರುಗಿಸುವ ಮಾತೇ ಇಲ್ಲ.

“ಬೇಗ ನೋಡ್ರಪ್ಪ,” ವ್ಯಾನಿನ ಡ್ರೈವರು ಬಾಗಿಲಲ್ಲಿ ಇಣುಕಿದ. “ಸ್ಮಶಾನದಲ್ಲಿ ನಿಮ್ ಸರದಿ ತಪ್ಪಿದ್ರೆ ನಾಳೆವರೆಗೂ ಕಾಯ್ಬೇಕಾಗುತ್ತೆ.”

“ಕೇಳಿಸ್ತಾ?” ಎಂದ ಮೈದುನ. “ಪೂರ್ತಿ ಒಡೆಯಲ್ಲ. ಕೆಳಗಿನ ಈ ತೊಲೆ ಒಂದನ್ನ ಕೊಯ್ದು ತೆಗೆದ್ರೆ ಹಗುರಾಗುತ್ತೆ, ಬಗ್ಗುತ್ತೆ. ಇದನ್ನ ಸವತಿ ಸವತಿ ಅಂತ ಬೈತಿದ್ದೋರು ನೀವೇ ತಾನೇ?”

“ಬೈಯೋಳು ನಾನು. ಕೊಯ್ಯೋಕೆ ನೀವ್ಯಾರು?”

ಮಗಳು ಅಳು ನಿಲ್ಲಿಸಿ ಅಮ್ಮನನ್ನೇ ನೋಡಿದಳು. ಈ ಹಡಗಿನ ಪರ ಅಮ್ಮ ಒಂದು ಮಾತಾಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

*

ಅವಳ ಗಂಡ ಲಿಫ್ಟ್ ರಿಪೇರಿಯವನು. ಜನ್ಮವಿಡೀ ಊರಿನ ಕಟ್ಟಡಗಳಲ್ಲಿ ಮೇಲೆ ಕೆಳಗೆ ಹೋಗಿ ಬಂದು, ಮನೆಗೆ ಬಂದ ಮೇಲೆ ಬ್ರಿಟಿಷರ ಹಳೇ ಗಾಳಿಹಡಗುಗಳ ಪರೀಕ್ಷಾ ಹಾರಾಟಗಳನ್ನು ಕೆದಕುತ್ತ ಕೂರುತ್ತಿದ್ದ. ಗೆಳೆಯರಾಗಿದ್ದ ಲೈಬ್ರರಿಯವರೊಬ್ಬರು ಎಲ್ಲೆಲ್ಲಿಂದಲೋ ಪುಸ್ತಕ ತರಿಸಿಕೊಡುತ್ತಿದ್ದರು. ಅವಳು ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದರೆ ಅವನು ಎದುರಿಗೆ ಕೂತು ಶುರು ಹಚ್ಚಿಕೊಳ್ಳುತ್ತಿದ್ದ.

“ಅವರ ನೌಕಾಪಡೆಯ ಮೊದಲನೇ ದೊಡ್ಡ ಹಡಗು ಹಾರಲೇ ಇಲ್ಲ ಕಣೇ. ತೂಕ ಜಾಸ್ತಿ ಆಯ್ತು ಅಂತ ಅಡಿತೊಲೆ ಬಿಚ್ಚಿಹಾಕಿದ್ರು. ಆಮೇಲೊಂದಿನ ಷೆಡ್ಡಿಂದ ಅವಸರವಾಗಿ ಹೊರಗೆ ಎಳೀತಿದ್ರು, ಪಕ್ಕದಿಂದ ಗಾಳಿ ಬಂತು, ನಡು ಮುರೀತು.”

“ಸತ್ತ ಹಡಗಿಗೆ ನೀವು ಪೋಸ್ಟ್‌ಮಾರ್ಟಮ್ ಮಾಡೋದು ಯಾಕೆ?”

“ಹಾರೋ ಕಷ್ಟ ಆಮೇಲಿಂದು. ಹೊರಗೆ ಬರೋದೇ ಮೊದಲನೇ ಪರೀಕ್ಷೆ. ನಾನೂ ಅಂಥದ್ದೊಂದು ಕಟ್ತೀನಿ. ತೊಲೆ ಬಿಚ್ಚದೆ, ಮುರೀದೆ, ಹೊರಗೆ ತಂದು ತೋರಿಸ್ತೀನಿ.”

ಕಟ್ಟಿದ. ನಡುಮನೆ ಹೋಯಿತು, ನೆಂಟರು ಬರುವುದು ನಿಂತಿತು. ಹೋದ ವರ್ಷ ಬೀದಿಯ ಕಡೆಯ ಗೋಡೆ ಒಡೆಸಿ ದೊಡ್ಡದೊಂದು ಕಿಟಕಿ ಇಡಿಸಿದ. ಅದರ ಚೌಕಟ್ಟಿಗೆ ಮೊಳೆಯಿಲ್ಲ, ಬರೀ ಬೋಲ್ಟು. “ಕಳ್ಳರಿಗೆ ಆಮಂತ್ರಣ ಪತ್ರಿಕೆ ಒಂದು ಬಾಕಿ,” ಎಂದಳು ಅವಳು.

ನಿನ್ನೆ ಬೆಳಿಗ್ಗೆ ಸಹನೆ ಪೂರಾ ಮುಗಿದಿತ್ತು. “ಒಂದೋ ಅದು ಹೊರಗೆ ಹೋಗಬೇಕು, ಇಲ್ಲಾ ನಾನು,” ಎಂದಿದ್ದಳು.

ಅವನು ನಕ್ಕಿದ್ದ. “ಭಾನುವಾರ ಹೋಗುತ್ತೆ ಬಿಡೇ. ಬಾಲದ ಹಗ್ಗ ಮಾತ್ರ ನೀನು ಹಿಡಿಯಬೇಕು.”

ಅವಳು ಸರಸರನೆ ಒಳಗೆ ಹೋಗಿದ್ದಳು. ಅದೇ ಕೊನೆಯ ಮಾತಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

*

“ಸ್ಪ್ಯಾನರ್ ಅಲ್ಲಿದೆ,” ಎಂದಳು, ಸಾವಿನ ಸುದ್ದಿ ಕೇಳಿ ಬಂದಿದ್ದ ಲೈಬ್ರರಿಯವರಿಗೆ. “ಕಿಟಕಿ ಬಿಚ್ಚಿ.”

ಚೌಕಟ್ಟು ಇಡಿಯಾಗಿ ಕಳಚಿ ಬಂತು. ಹಡಗಿನ ಮೂತಿ ನೇರ ಅದರ ಎದುರಿಗೇ ಇತ್ತು. ಬಂದವರೆಲ್ಲರ ಕೈಗೂ ಹಡಗಿಗೆ ಕಟ್ಟಿದ ಒಂದೊಂದು ಹಗ್ಗ ಹೋಯಿತು, ಡ್ರೈವರನ್ನೂ ಬಿಡಲಿಲ್ಲ.

“ಅಮ್ಮ, ಗಾಳಿ ಜೋರಾಗ್ತಿದೆ,” ಮಗಳು ಹೊರಗಿನಿಂದ ಕೂಗಿದಳು.

ಅರ್ಧ ಹಡಗು ಹೊರಗೆ, ಅರ್ಧ ಒಳಗೆ ಇರುವಾಗಲೇ ಅದು ಬೀಸಿತು. ಬೀದಿಯ ಉದ್ದಕ್ಕೂ ನುಗ್ಗಿ ಬಂದು ರೇಷ್ಮೆಯ ಪಕ್ಕೆಗೆ ಹೊಡೆಯಿತು. ಮೂತಿ ಒಂದು ಕಡೆ ವಾಲಿತು, ನಡುವಿನಲ್ಲಿ ಏನೋ ಲಟಲಟ ಎಂದಿತು. ಗರಗಸ ಕಚ್ಚಿದ ಜಾಗ.

“ಎಳೀರಿ, ಬೇಗ ಎಳೀರಿ,” ಎಂದ ಮೈದುನ.

“ಎಳೀಬೇಡಿ,” ಅವಳು ಒಳಗಿನಿಂದ ಹೇಳಿದಳು. ಬಾಲದ ಹಗ್ಗ ಅಂಗೈ ಕೊಯ್ಯುತ್ತಿತ್ತು. “ಸುಮ್ನೆ ಹಿಡ್ಕೊಂಡು ನಿಂತ್ಕೊಳ್ಳಿ.”

“ಸರದಿ ಹೋಗುತ್ತಮ್ಮ,” ಎಂದ ಡ್ರೈವರು.

“ಹೋಗ್ಲಿ. ಎಲ್ಲರೂ ಅವಸರ ಮಾಡೇ ಅವತ್ತು ಅದು ಮುರಿದದ್ದು.”

ಯಾವತ್ತು ಎಂದು ಯಾರೂ ಕೇಳಲಿಲ್ಲ. ಲೈಬ್ರರಿಯವರು ಮಾತ್ರ ಥಟ್ಟನೆ ತಿರುಗಿ ನೋಡಿದರು. ಬಟಾಣಿ ಬಿಡಿಸುತ್ತ ಇವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ನಿಂತರು. ತೋಳುಗಳು ನಡುಗಿದವು. ಬಿದಿರು ನರಳುತ್ತಲೇ ಇತ್ತು, ಮುರಿಯಲಿಲ್ಲ. ಕೊನೆಗೆ ಗಾಳಿ ಉಸಿರು ಬಿಟ್ಟಂತೆ ಸಡಿಲಾಯಿತು.

“ಈಗ,” ಎಂದಳು.

ಬಾಲ ಕಿಟಕಿಯ ಕೆಳಗಿನ ಹೊಸ್ತಿಲಷ್ಟೆತ್ತರದ ಗೋಡೆಯನ್ನು ಸವರಿಕೊಂಡು ಆಚೆ ಬಂತು. ಹಿಂದೆಯೇ ಅವಳೂ ಕಿಟಕಿಯ ಕಿಂಡಿಯಿಂದ ಬೀದಿಗಿಳಿದಳು. ಮತ್ತೆ ಗಾಳಿ ಎದ್ದಿತು, ಈ ಸಲ ಕೆಳಗಿನಿಂದ. ಹಡಗು ಗಾಳಿಪಟದಂತೆ ಎಲ್ಲರ ತಲೆಯ ಮೇಲಕ್ಕೆ ಏರಿ ನಿಂತಿತು. ಹಗ್ಗಗಳು ಬಿಗಿದವು.

“ಈಗ ಅವರನ್ನ ಕರ್ಕೊಂಡು ಬನ್ನಿ,” ಎಂದಳು.

ಮಗಳು, ಲೈಬ್ರರಿಯವರು, ಲಿಫ್ಟ್ ಕಂಪನಿಯ ಇಬ್ಬರು ತಮ್ಮ ಹಗ್ಗಗಳನ್ನು ಪಕ್ಕದವರಿಗೆ ಕೊಟ್ಟು ಒಳಗೆ ಹೋಗಿ ಹೊತ್ತು ತಂದರು. ಹಗ್ಗ ಹಿಡಿದವರ ಎರಡು ಸಾಲಿನ ನಡುವೆ, ಹಡಗಿನ ನೆರಳಿನೊಳಗೆ, ಅವನು ನಿಧಾನವಾಗಿ ವ್ಯಾನಿನ ಕಡೆ ಸಾಗಿದ. ಅಣ್ಣ ಪಕ್ಕದಲ್ಲೇ ಹಾದು ಹೋಗುವಾಗ ಮೈದುನನ ಮುಖವೆಲ್ಲ ಒದ್ದೆಯಾಯಿತು. ಹಗ್ಗ ಬಿಡುವಂತಿರಲಿಲ್ಲ. ಅವನು ಮುಖವನ್ನು ತೋಳಿಗೆ ಒರೆಸಿಕೊಂಡು, ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ.