ಹೆಸರಿಲ್ಲದ ಬಾಟಲಿ

ಗೋವಿನಜೋಳದ ಸುಳಿಗೆ ಹುಳು ಬಿತ್ತೆಂದರೆ ಹಳಿಯಾಳ ಸೀಮೆಯ ರೈತರಿಗೆ ನಿದ್ದೆ ಇಲ್ಲ. ಬೆಳೆಗೆ ಹೊಡೆಯುವ ವಿಷಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು. ಸಣ್ಣ ರೈತನಿಗೆ ಇರುವುದೇ ಅರ್ಧ ಎಕರೆ, ಪೂರ್ತಿ ಡಬ್ಬಿ ಎಣ್ಣೆ ಯಾಕೆ ಬೇಕು? ಗೊಬ್ಬರದ ಅಂಗಡಿಯ ಉಳವಪ್ಪ ಡಬ್ಬಿಯ ಸೀಲ್ ಒಡೆದು, ಖಾಲಿ ನೀರಿನ ಬಾಟಲಿಗೆ ಬೇಕಾದಷ್ಟು ಸುರಿದು ಕೊಡುತ್ತಿದ್ದ. ಊರಿಗೆ ಉಪಕಾರಿ ಅನ್ನಿಸಿಕೊಂಡಿದ್ದ.

ಪಕ್ಕದ ಮನೆಯ ಆಶಾ ಕಾರ್ಯಕರ್ತೆ ದ್ರಾಕ್ಷಾಯಣಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

“ಕಾಕಾ, ಬಿಡಿ ಎಣ್ಣಿ ಮಾರಬ್ಯಾಡ್ರಿ. ಬಾಟಲಿ ಮ್ಯಾಲ ಹೆಸರಿಲ್ಲ, ಏನಿಲ್ಲ. ಯಾರರ ನೀರಂತ ಕುಡದ್ರ?”

“ವಾಸನಿ ಬರೂದಿಲ್ಲೇನವ್ವಾ? ಬಡವ್ರು ಕೇಳ್ತಾರ, ಕೊಡ್ತೇನಿ. ನೀ ಪೋಲಿಯೋ ಹನಿ ಹಾಕು, ಅಂಗಡಿ ನಾ ನೋಡ್ಕೋತೇನಿ,” ಎಂದು ಉಳವಪ್ಪ ನಗುತ್ತಿದ್ದ.

ಒಂದು ಸಂಜೆ ತಾಂಡಾದ ಲಾಲು ಬಂದ. ಡಬ್ಬಿಯ ತಳದಲ್ಲಿ ಸ್ವಲ್ಪವೇ ಉಳಿದಿತ್ತು. ಉಳವಪ್ಪ ಬೇರೊಂದು ಎಣ್ಣೆ ಬೆರೆಸಿ ಬಾಟಲಿ ತುಂಬಿಸಿದ. ಎರಡೂ ಹುಳು ಕೊಲ್ಲುತ್ತವಲ್ಲ ಎಂದುಕೊಂಡ. ಲಾಲುವಿಗೆ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ದ್ರಾಕ್ಷಾಯಣಿ ಓಡಿ ಬಂದಳು.

“ಕಾಕಾ, ಲಾಲೂನ್ನ ದವಾಖಾನಿಗೆ ಒಯ್ದಾರ! ಹೊಲದಾಗ ನೀರಂತ ತಿಳದು ನಿಮ್ಮ ಬಾಟಲಿ ಎತ್ತಿ ಕುಡದಾನ. ಯಾವ ಎಣ್ಣಿ ಅಂತ ಡಾಕ್ಟರು ಕೇಳಾಕತ್ತಾರ. ಅವನ ಹೆಂಡತಿ ಅನುಸೂಯಾಬಾಯಿ ಏನ್ ಹೇಳ್ಯಾಳು? ಆಕಿ ಕೈಯಾಗ ಬರೇ ಬಾಟಲಿ ಐತಿ.”

ಉಳವಪ್ಪ ಎರಡೂ ಡಬ್ಬಿಗಳನ್ನು ತೆಗೆದು ಮುಂದಿಟ್ಟುಕೊಂಡ. ಒಂದೇ ಹೆಸರು ಹೇಳಿದರೆ ಬೆರಕೆ ಮಾಡಿದ್ದು ಯಾರಿಗೂ ತಿಳಿಯದು. ಆದರೆ ಲಾಲುವಿನ ಜೀವ?

“ಎರಡು ಎಣ್ಣಿ ಬೆರಸಿ ಕೊಟ್ಟೇನಿ. ಖರೇ ಹೇಳಿದ್ರ ಲೈಸೆನ್ಸ್ ಹೋಗ್ತೈತಿ,” ಎಂದು ಹೆಂಡತಿಯ ಕಡೆ ನೋಡಿದ.

ಶಾಂತಾದೇವಿ ಎರಡೂ ಡಬ್ಬಿಗಳನ್ನು ಚೀಲಕ್ಕೆ ಹಾಕಿದಳು. “ಹೋಗಲಿ. ಆ ಮನಿಷ್ಯಾ ಸತ್ರ ಈ ಅಂಗಡಿ ಅನ್ನ ನನ್ನ ಗಂಟಲದಾಗ ಇಳಿತೈತೇನ್ರಿ? ಮೊದಲ ಫೋನ್ ಹಚ್ಚಿ ಎರಡೂ ಹೆಸರು ಹೇಳ್ರಿ. ಆಮ್ಯಾಲ ಡಬ್ಬಿ ತಗೊಂಡು ಹೋಗೂಣು.”

ಉಳವಪ್ಪ ಫೋನಿನಲ್ಲಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದ. ಡಾಕ್ಟರು ಅದರ ಪ್ರಕಾರ ಚಿಕಿತ್ಸೆ ಬದಲಿಸಿದರು. ದವಾಖಾನೆಯ ಬಾಗಿಲಲ್ಲಿ ಕುಳಿತಿದ್ದ ಅನುಸೂಯಾಬಾಯಿ ಬೈಯಲಿಲ್ಲ. “ನಿಮ್ಮನ್ನ ನಂಬಿ ಒಯ್ದಿದ್ವಿ, ಸಾವಕಾರ್ರ,” ಎಂದಳು. ಬೈದಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಲಾಲು ಬದುಕಿದ. ಆದರೆ ಕೈಕಾಲಿನಲ್ಲಿ ಮೊದಲಿನ ಬಲ ಉಳಿಯಲಿಲ್ಲ. ಉಳವಪ್ಪನ ಅಂಗಡಿಗೆ ಕೆಲವು ತಿಂಗಳು ಬೀಗ ಬಿತ್ತು. ಆ ಸುಗ್ಗಿಯಲ್ಲಿ ಲಾಲುವಿನ ಹೊಲದ ತೆನೆ ಮುರಿದವರು ಉಳವಪ್ಪ ಮತ್ತು ಶಾಂತಾದೇವಿ.

ಅಂಗಡಿ ಮತ್ತೆ ತೆರೆದಾಗ ಅಂದಾನೆಪ್ಪನೆಂಬ ರೈತ ಖಾಲಿ ಬಾಟಲಿ ಹಿಡಿದು ಬಂದ. “ಒಂದೀಟ ಸುರೀರಿ, ಅಣ್ಣಾರ.”

“ಇಲ್ಲೋ ತಮ್ಮಾ. ಸೀಲ್ ಇದ್ದ ಸಣ್ಣ ಡಬ್ಬಿ ತರಿಸೇನಿ, ಅದನ್ನ ಒಯ್ಯಿ. ಬಾಟಲಿಗೆ ಸುರಿಯೂ ಉಪಕಾರ ನನಗ ಸಾಕಾತು.”

ಅಂಗಡಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಬೆಳೆಯ ಎಣ್ಣೆಯನ್ನು ಬಿಡಿಯಾಗಿ ಮಾರಬೇಡಿ, ಬೆರೆಸಬೇಡಿ. ರೈತ ಬಂಧುಗಳೇ, ಹೆಸರಿಲ್ಲದ ಬಾಟಲಿ ಕೊಟ್ಟರೆ ಬೇಡವೆನ್ನಿ. ಯಾರಾದರೂ ಕುಡಿದರೆ ಮನೆಯಲ್ಲಿ ವಾಂತಿ ಮಾಡಿಸಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ, ಡಬ್ಬಿ ಸಮೇತ ದವಾಖಾನೆಗೆ ಒಯ್ಯಿರಿ. ಅಂಗಡಿಯವರೇ, ತಪ್ಪು ನಿಮ್ಮದೇ ಆಗಿದ್ದರೂ ಮುಚ್ಚಿಡಬೇಡಿ. ಓದಲು ಬಾರದ ಗಿರಾಕಿ ಡಬ್ಬಿಯ ಮೇಲಿನ ಅಕ್ಷರ ನೋಡುವುದಿಲ್ಲ, ನಿಮ್ಮ ಮುಖ ನೋಡಿ ಒಯ್ಯುತ್ತಾನೆ.