ಗುರುತಿಲ್ಲದ ಬೀಗದಕೈಗಳು

"ಹನ್ನೊಂದಾಯ್ತು. ಈ ದರಿದ್ರ ಮುಂಡೇವು ಇನ್ನೂ ಇಲ್ಲೇ ಬಿದ್ದಿದಾವಲ್ಲೇ? ಅಟ್ಟು ಕೆಳಗೆ."

ಸೀಟಿ ಸಾಹೇಬ ಬೈದದ್ದು ನೆಲ ಒರೆಸುತ್ತಿದ್ದ ನಾಲ್ಕು ಹೆಂಗಸರನ್ನು, ಹೇಳಿದ್ದು ಮಾತ್ರ ಬೀಗದಕ್ಕನಿಗೆ. ಆ ಹೆಂಗಸರ ಜೊತೆ ನೇರವಾಗಿ ಮಾತಾಡಿದರೆ ತನ್ನ ಬಾಯಿ ಮೈಲಿಗೆಯಾಗುತ್ತದೆಂದು ಅವನು ತಿಳಿದಿದ್ದ. ಕಚೇರಿಯ ಕಟ್ಟಡ ಮತ್ತು ಭದ್ರತೆ ನೋಡಿಕೊಳ್ಳುವುದು ಅವನ ಕೆಲಸ. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿದ್ದರಿಂದ ಆ ಹೆಸರು ಬಿದ್ದಿತ್ತು.

ಬೀಗದಕ್ಕ ಗುತ್ತಿಗೆಯ ಕಾವಲುಗಾರ್ತಿ. ಹನ್ನೆರಡು ವರ್ಷದಿಂದ ಆ ನಾಲ್ಕು ಅಂತಸ್ತಿನ ಸರ್ಕಾರಿ ಕಚೇರಿಯ ಬಾಗಿಲು ಕಾಯುತ್ತಿದ್ದಳು. ಒಳಗೆ ಏನು ಕೆಲಸ ನಡೆಯುತ್ತದೆಂದು ಅವಳಿಗೆ ಇವತ್ತಿಗೂ ಗೊತ್ತಿರಲಿಲ್ಲ. ಒಳಗೆ ಕೂತವರಿಗಾದರೂ ಗೊತ್ತಿತ್ತೇ ಎಂಬುದು ಅವಳ ಅನುಮಾನ.

"ನಡೀರಿ," ಎಂದಳು ಹೆಂಗಸರಿಗೆ. ಅವರು ಬಕೆಟ್ಟು ಎತ್ತಿಕೊಂಡು ಸಾಲಾಗಿ ಮೆಟ್ಟಿಲಿಳಿದರು. ಮುಂದೆ ಗುಡಿಸೋ ಅಜ್ಜಿ, ಹಿಂದೆ ಹಗಲೆಲ್ಲ ಒಬ್ಬರನ್ನೊಬ್ಬರು ಕುಟುಕುವ ಓರಗಿತ್ತಿಯರಿಬ್ಬರು, ಕಡೆಯಲ್ಲಿ ಬೀಗದಕ್ಕನ ಸ್ವಂತ ತಂಗಿ.

ಹನ್ನೊಂದರಿಂದ ಒಂದರವರೆಗೆ ಅವರು ಯಾರ ಕಣ್ಣಿಗೂ ಬೀಳಬಾರದು. ದೊಡ್ಡ ಸಾಹೇಬರುಗಳು ಬರುವ, ಅವರನ್ನು ನೋಡಲು ದೊಡ್ಡ ಮನುಷ್ಯರು ಬರುವ ಹೊತ್ತು ಅದು. ಪೊರಕೆ, ಬಕೆಟ್ಟು, ಒದ್ದೆ ಸೀರೆಯ ಸೆರಗು ಇವೆಲ್ಲ ಕಂಡರೆ ಇಲಾಖೆಯ ಮಾನ ಹೋಗುತ್ತದಂತೆ. ಅದಕ್ಕೆ ನೆಲಮಾಳಿಗೆಯಲ್ಲಿ ಪೊರಕೆ ಇಡುವ ಕೋಣೆಯೊಳಗೆ ಅವರನ್ನು ಕೂರಿಸಿ ಹೊರಗಿನಿಂದ ಬೀಗ ಹಾಕುವುದು ಪದ್ಧತಿ. ಬೀಗ ಯಾಕೆಂದರೆ, ಹೊತ್ತಲ್ಲದ ಹೊತ್ತಲ್ಲಿ ಒಬ್ಬಳು ಮೇಲೆ ಬಂದು ಸಾಹೇಬರ ಕಕ್ಕಸಿಗೆ ಹೋಗಿದ್ದಳಂತೆ. ದಿನಕ್ಕೆರಡು ಸಲ ತಾನೇ ಉಜ್ಜುವ ಕಕ್ಕಸು. ಅವತ್ತಿನಿಂದ ಕೋಣೆಯಲ್ಲೊಂದು ಬಕೆಟ್ಟು, ಬಾಗಿಲಿಗೊಂದು ಬೀಗ.

ಆ ಬೀಗ ಹಾಕುವ ಕೈ ಬೀಗದಕ್ಕನದು. ದಿನಾ ಹಾಕುತ್ತಿದ್ದಳು, ದಿನಾ ತನ್ನ ಮೇಲೆಯೇ ಅಸಹ್ಯಪಡುತ್ತಿದ್ದಳು, ಮರುದಿನ ಮತ್ತೆ ಹಾಕುತ್ತಿದ್ದಳು.

ಸೀಟಿ ಸಾಹೇಬನಿಗೆ ಬೀಗವೆಂದರೆ ಪ್ರಾಣ. ಸೋಪಿನ ಕಪಾಟಿಗೆ ಬೀಗ, ನಲ್ಲಿಗೆ ಬೀಗ. ಬೆಂಕಿ ಬಿದ್ದರೆ ಬಾಗಿಲು ಒಡೆಯಲೆಂದು ಮೆಟ್ಟಿಲ ಪಕ್ಕ ಕೊಡಲಿಯೊಂದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅದಕ್ಕೂ ಬೀಗ. "ಇಲ್ದಿದ್ರೆ ಈ ಕಳ್ಳಮುಂಡೇವು ಸೌದೆ ಸೀಳೋಕೆ ಹೊತ್ಕೊಂಡು ಹೋಗ್ತವೆ" ಎಂದಿದ್ದ. ಮೂವತ್ತೇಳು ಬೀಗದಕೈಗಳ ಗೊಂಚಲು ಬೀಗದಕ್ಕನ ಸೊಂಟದಲ್ಲಿ ತೂಗುತ್ತಿತ್ತು. ಒಮ್ಮೆ ಅವಳು ಗುರುತಿಗೆಂದು ಒಂದೊಂದಕ್ಕೂ ಬಣ್ಣದ ದಾರ ಕಟ್ಟಿದ್ದಳು. ಸೀಟಿ ಸಾಹೇಬ ಎಲ್ಲರೆದುರು ಕತ್ತರಿ ತರಿಸಿ ಒಂದೊಂದೇ ದಾರ ಕತ್ತರಿಸಿದ.

"ಕಳ್ಳನ ಕೈಗೆ ಸಿಕ್ರೆ ಅವನಿಗೆ ದಾರಿ ತೋರಿಸ್ತೀಯೇನೇ ಲೌಡಿ? ಕೀಗೆ ಗುರುತು ಹಾಕಬಾರದು. ಇದು ಭದ್ರತೆ. ನಿನ್ನ ಅಡುಗೆಮನೆ ಅಲ್ಲ."

ಅವಳು ಬೆರಳ ತುದಿಯಲ್ಲೇ ಮೂವತ್ತೇಳನ್ನೂ ಕಲಿತಳು. ಇಡೀ ಕಟ್ಟಡದಲ್ಲಿ ಯಾವ ಬೀಗದಕೈ ಯಾವ ಬೀಗದ್ದೆಂದು ಬಲ್ಲವಳು ಅವಳೊಬ್ಬಳೇ.

ಇಷ್ಟೆಲ್ಲ ಭದ್ರತೆ ಇದ್ದ ಕಟ್ಟಡದಲ್ಲಿ ಅವಳ ಮೇಜಿನ ಕೆಳಗೆ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರೊಳಗೆ ಒಂಬತ್ತು ಜನ ದೊಡ್ಡ ಸಾಹೇಬರ ಗುರುತಿನ ಕಾರ್ಡುಗಳು. ಬೆಳಗ್ಗೆ ಒಂಬತ್ತೂವರೆಗೆ ಅವಳು ಒಂದೊಂದಾಗಿ ಬಾಗಿಲ ಬಳಿಯ ಹಾಜರಿ ಯಂತ್ರಕ್ಕೆ ಉಜ್ಜಬೇಕು, ಸಂಜೆ ಮತ್ತೆ ಉಜ್ಜಬೇಕು. ಸಾಹೇಬರುಗಳು ಹನ್ನೊಂದಕ್ಕೆ ಬಂದು ಮೂರಕ್ಕೆ ಹೋದರೂ ಯಂತ್ರದ ಪ್ರಕಾರ ಹಗಲೆಲ್ಲ ದುಡಿಯುತ್ತಿದ್ದರು. ಕಾರ್ಡು ಒಳಗೆ ಬಂದರೆ ಮನುಷ್ಯ ಒಳಗೆ ಬಂದಂತೆ, ಕಾರ್ಡು ಹೊರಗೆ ಹೋದರೆ ಮನುಷ್ಯ ಹೊರಗೆ ಹೋದಂತೆ. ಗುತ್ತಿಗೆಯವರಿಗೆ ಕಾರ್ಡಿರಲಿಲ್ಲ. ಆದ್ದರಿಂದ ಅವರು ಒಳಗೂ ಬರುತ್ತಿರಲಿಲ್ಲ, ಹೊರಗೂ ಹೋಗುತ್ತಿರಲಿಲ್ಲ.

ಆ ತಿಂಗಳು ಕಚೇರಿಗೆ ಬೆಂಕಿ ತಾಲೀಮಿನ ಹುಚ್ಚು ಹಿಡಿಯಿತು. ಗಂಟೆ ಹೊಡೆದ ಕೂಡಲೇ ಎಲ್ಲರೂ ಹೊರಗೆ ಮೈದಾನಕ್ಕೆ ಬಂದು ಸುಣ್ಣದ ಗೆರೆಯ ಮೇಲೆ ನಿಲ್ಲಬೇಕು, ಸೀಟಿ ಸಾಹೇಬ ತಲೆ ಎಣಿಸಬೇಕು. ನಿಜವಾದ ಬೆಂಕಿಯಂತೆಯೇ ಇರಲೆಂದು ಅವನು ಎಲ್ಲಿಂದಲೋ ಹೊಗೆಯ ಕುಡಿಕೆಗಳನ್ನು ತರಿಸಿ ಮೆಟ್ಟಿಲ ಬುಡದಲ್ಲಿ ಹಚ್ಚಿಸಿದ. ಹಚ್ಚಿದ್ದು ಹನ್ನೊಂದೂವರೆಗೆ.

ಗಂಟೆ ಹೊಡೆಯಿತು. ಗುಮಾಸ್ತರು ನಗುತ್ತ, ಫೋನಿನಲ್ಲಿ ಮಾತಾಡುತ್ತ ಹೊರಗೆ ಬಂದರು. ಬೀಗದಕ್ಕ ಸಾಹೇಬರ ಒಂಬತ್ತು ಕಾರ್ಡು ಉಜ್ಜಿದಳು. ಸಾಹೇಬರುಗಳು ಮೂರನೆಯ ಅಂತಸ್ತಿನ ಸಭಾಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಟೀ ಕುಡಿಯುತ್ತಿದ್ದರು. ಬಿಸಿಲಿಗೆ ಇಳಿಯುವವರು ಅವರಲ್ಲ.

"ಸಾರ್, ಕೆಳಗೆ ನಾಲ್ಕು ಜನ ಹೆಂಗಸರಿದಾರೆ. ಬೀಗ ತೆಗೆದು ಬಂದುಬಿಡ್ತೀನಿ."

"ಅವು ಲಿಸ್ಟಲ್ಲಿದಾವಾ?"

"ಸಾರ್, ಹೊಗೆ ಕೆಳಗಡೆನೇ ಹೋಗ್ತಿದೆ."

"ಲಿಸ್ಟಲ್ಲಿದಾವಾ ಇಲ್ವಾ ಹೇಳೇ. ತಾಲೀಮು ಮುಗಿಯೋ ತನಕ ಒಬ್ಬರೂ ಒಳಗೆ ಹೋಗಬಾರದು. ನಿಯಮ ಅಂದ್ರೆ ನಿಯಮ. ಹೋದ್ರೆ ಹಾಗೇ ಮನೆಗೆ ಹೋಗು."

ಅವಳು ನಿಂತಳು. ನಿಂತದ್ದನ್ನು ಆಮೇಲೆ ಎಷ್ಟು ಸಲ ನೆನೆದು ಉಗಿದುಕೊಂಡಳೋ ಲೆಕ್ಕವಿಲ್ಲ. ಕೈಗಡಿಯಾರ ನೋಡುತ್ತ ನಿಂತಿದ್ದಳು. ಸೀಟಿ ಸಾಹೇಬ ಎಣಿಸಿದ, ಮತ್ತೊಮ್ಮೆ ಎಣಿಸಿದ, ಎಲ್ಲರೂ ಹೊರಗೆ ಎಂದು ಬರೆದ, ಗುಮಾಸ್ತರಿಗೆ ಭಾಷಣ ಮಾಡಿದ, ಫೋಟೋ ತೆಗೆಸಿಕೊಂಡ. ಅವಳು ನೆಲಮಾಳಿಗೆಯ ಬೀಗ ತೆಗೆಯುವ ಹೊತ್ತಿಗೆ ಹದಿನಾಲ್ಕು ನಿಮಿಷವಾಗಿತ್ತು.

ಒಳಗೆ ಮೂವರು ಒದ್ದೆ ನೆಲಬಟ್ಟೆಯನ್ನು ಮೂಗಿಗೆ ಒತ್ತಿಕೊಂಡು ಗೋಡೆಗೆ ಆತುಕೊಂಡಿದ್ದರು. ತಂಗಿ ಬಾಗಿಲ ಬುಡದಲ್ಲೇ ಬಿದ್ದಿದ್ದಳು. ಬಾಗಿಲು ಬಡಿದು ಬಡಿದು ಅವಳ ಎರಡೂ ಕೈ ಊದಿದ್ದವು. ಅವಳಿಗೆ ಚಿಕ್ಕಂದಿನಿಂದಲೂ ಉಬ್ಬಸ.

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಜೀವ ಉಳಿಯಿತು, ಗಂಟಲು ಉಳಿಯಲಿಲ್ಲ. ಮಾತಾಡಿದರೆ ಹರಿದ ಬಟ್ಟೆ ಎಳೆದಂಥ ಸದ್ದು, ಎರಡು ಮಾತಿಗೊಮ್ಮೆ ಕೆಮ್ಮು. ಹತ್ತನೆಯ ದಿನ ಗುತ್ತಿಗೆದಾರನ ಆಳು ಬಂದು, ಸೋಮವಾರ ಬರದಿದ್ದರೆ ಬೇರೆಯವಳನ್ನು ಹಾಕಿಕೊಳ್ಳುತ್ತೇವೆ ಎಂದು ಹೇಳಿಹೋದ.

"ಹೋಗ್ತೀನಕ್ಕ. ಇನ್ನೇನ್ ಮಾಡ್ಲಿ," ಎಂದಳು ತಂಗಿ.

"ಆ ಕೋಣೆಗಾ?"

"ಬೀಗ ಹಾಕೋಳು ನೀನೇ ಅಲ್ವಾ. ಸ್ವಲ್ಪ ಸಡಿಲ ಹಾಕು."

ತಂಗಿ ತಮಾಷೆಗೆ ಅಂದದ್ದು. ಬೀಗದಕ್ಕನಿಗೆ ಕೆನ್ನೆಗೆ ಬಾರಿಸಿದಂತಾಯಿತು.

ಮರುದಿನ ಸೀಟಿ ಸಾಹೇಬ ಅವಳನ್ನು ತನ್ನ ಕೋಣೆಗೆ ಕರೆದು ಒಂದು ಹಾಳೆ ಮುಂದೆ ತಳ್ಳಿದ. ಕೋಣೆಯ ಬಾಗಿಲು ತೆರೆದೇ ಇತ್ತು, ಹೆಂಗಸರು ಕೆಲಸಗಳ್ಳತನ ಮಾಡಿ ಒಳಗೆ ಮಲಗಿದ್ದರು ಎಂದು ಅದರಲ್ಲಿ ಬರೆದಿತ್ತು.

"ಸೈನ್ ಹಾಕು. ಮುಂದಿನ ವಾರ ಅಗ್ನಿಶಾಮಕದ ಅಧಿಕಾರಿ ಬರ್ತಾರೆ. ಅವರ ಕಣ್ಣೆದುರಿಗೇ ತಾಲೀಮು. ಸರ್ಟಿಫಿಕೇಟ್ ಸಿಗಬೇಕು. ಈ ಹೊಲಸೆಲ್ಲ ಅಷ್ಟರೊಳಗೆ ಬಳೀಬೇಕು."

"ಹಾಕ್ತೀನಿ ಸಾರ್. ನಂದೊಂದೇ ಮಾತು. ಆ ಕೋಣೆ ಬೀಗ ತೆಗೆಸಿಬಿಡಿ. ಅವರು ಹೊರಗೆ ಬರಲ್ಲ, ಅದಕ್ಕೆ ನಾನು ಜವಾಬ್ದಾರಿ."

ಅವನು ಕುರ್ಚಿಗೆ ಒರಗಿ ನಕ್ಕ. "ನಿನ್ನ ತಂಗಿ ಉಬ್ಬಸದೋಳು. ಒಲೆ ಮುಂದೆ ಕೂತ್ರೂ ಸಾಯ್ತಾಳೆ. ಅದಕ್ಕೆ ಸರ್ಕಾರ ಬೀಗ ತೆಗೀಬೇಕಾ? ಅಂಥವಳನ್ನ ಕೆಲಸಕ್ಕೆ ತಂದು ತುರುಕಿದೋಳು ನೀನು. ಬಾಲ ಬಿಚ್ಚಬೇಡ. ಹಾಕು."

ಅವಳು ಸಹಿ ಹಾಕಿದಳು. ಪೆನ್ನು ಮೇಜಿನ ಮೇಲಿಟ್ಟು, "ಬೀಗ ಇರುತ್ತೆ ಹಾಗಾದ್ರೆ," ಎಂದಳು.

"ಇರುತ್ತೆ."

"ಸರಿ ಸಾರ್."

ಆ ದಿನ ಬಂತು. ಅಂಗಳಕ್ಕೆಲ್ಲ ನೀರು ಹೊಡೆದು, ಸುಣ್ಣದ ಗೆರೆ ಹೊಸದಾಗಿ ಎಳೆಸಿದ್ದರು. ಸೀಟಿ ಸಾಹೇಬ ಬೂಟಿಗೆ ಪಾಲಿಶ್ ಹಾಕಿಸಿಕೊಂಡು ಬಂದಿದ್ದ. ಅಧಿಕಾರಿ ಮೆಚ್ಚಲೆಂದು ಹೊಗೆಯ ಕುಡಿಕೆಗಳನ್ನು ಎರಡರಷ್ಟು ತರಿಸಿದ್ದ.

ಹನ್ನೊಂದಕ್ಕೆ ಬೀಗದಕ್ಕ ಹೆಂಗಸರನ್ನು ಕರೆದುಕೊಂಡು ನೆಲಮಾಳಿಗೆಗೆ ಇಳಿದಳು. ಬಾಗಿಲ ಕೊಂಡಿಯಿಂದ ಬೀಗ ಬಿಡಿಸಿ ಕೈಯಲ್ಲಿ ಹಿಡಿದುಕೊಂಡಳು.

"ಹಿಂದಿನ ಬಾಗಿಲಿಂದ ಮೈದಾನಕ್ಕೆ ಹೋಗಿ. ಗೆರೆ ಮೇಲೆ ಕೂತ್ಕೊಳ್ಳಿ."

"ಹನ್ನೊಂದಾಯ್ತಲ್ಲೇ ತಾಯಿ. ನಮ್ಮನ್ನ ಕಂಡ್ರೆ ಅವನು ಚರ್ಮ ಸುಲೀತಾನೆ," ಎಂದಳು ಗುಡಿಸೋ ಅಜ್ಜಿ.

"ಕಾಣ್ಲಿ. ಬೇಕಾದ್ರೆ ಕಣ್ಣು ಮುಚ್ಕೊಳ್ಳಲಿ ಆ ಬೋಳಿಮಗ."

ಹಿರಿಯ ಓರಗಿತ್ತಿ ಕಿಸಕ್ಕನೆ ನಕ್ಕಳು. ಕಿರಿಯವಳು ಅವಳನ್ನು ಮೊಣಕೈಯಿಂದ ತಿವಿದಳು. ತಂಗಿ ಮಾತ್ರ ಅಕ್ಕನ ಕೈಯಲ್ಲಿದ್ದ ಬೀಗವನ್ನೇ ನೋಡುತ್ತಿದ್ದಳು.

ಬೀಗದಕ್ಕ ಮೂರನೆಯ ಅಂತಸ್ತಿಗೆ ಹತ್ತಿದಳು. ಸಭಾಕೋಣೆಯೊಳಗೆ ಫೋನು ಒಯ್ಯಬಾರದು, ಅದು ಸೀಟಿ ಸಾಹೇಬ ಮಾಡಿದ ನಿಯಮ. ಒಂಬತ್ತು ಫೋನುಗಳನ್ನು ತಟ್ಟೆಯಲ್ಲಿ ತೆಗೆದುಕೊಂಡು ಹೊರಗಿನ ಗೂಡಿನಲ್ಲಿಟ್ಟಳು. ಕಿಟಕಿಗಳಿಗೆ ಗುಂಡು ಹೊಡೆದರೂ ಒಡೆಯದ ಗಾಜು, ತೆರೆಯಲು ಬರುವಂಥದ್ದಲ್ಲ. ಅದೂ ಅವನದೇ ಹೆಮ್ಮೆ. ಸಾಹೇಬರುಗಳು ಮೇಜಿನ ಸುತ್ತ ಕಾಲು ಚಾಚಿ ಕೂತಿದ್ದರು. ಒಬ್ಬ ಟೀಗೆ ಸಕ್ಕರೆ ಕಡಿಮೆಯೆಂದು ಗೊಣಗುತ್ತಿದ್ದ. ಅವರಲ್ಲಿ ಎಲ್ಲರಿಗಿಂತ ದೊಡ್ಡವನಾದ ಇಲಾಖೆಯ ನಿರ್ದೇಶಕ ಅವಳತ್ತ ತಿರುಗದೆಯೇ ಬೆರಳು ಆಡಿಸಿದ.

"ಬೆಲ್ ಹೊಡೆದಾಗ ನಮ್ಮ ಕಾರ್ಡ್ ಹಾಕಿಬಿಡು."

"ಹಾಕ್ತೀನಿ ಸಾರ್."

"ಬಾಗಿಲು ಎಳ್ಕೊಂಡು ಹೋಗು. ಹೊಗೆ ಬರುತ್ತೆ."

"ಆಗ್ಲಿ ಸಾರ್."

ಎಳೆದಳು. ಹೊರಗಿನ ಚಿಲಕ ಹಾಕಿ ನೆಲಮಾಳಿಗೆಯ ಬೀಗವನ್ನು ಅದಕ್ಕೆ ಸಿಕ್ಕಿಸಿ ಒತ್ತಿದಳು. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಬೀಗ ಹಾಕಿ ಅವಳ ಕೈಗೆ ಹಿತವೆನಿಸಿತು.

ಹನ್ನೊಂದೂವರೆಗೆ ಗಂಟೆ ಹೊಡೆಯಿತು. ಕುಡಿಕೆಗಳು ಭರ್ರನೆ ಹೊಗೆ ಕಾರಿದವು. ಗುಮಾಸ್ತರು ಈ ಸಲ ನಗದೆ ಕೆಮ್ಮುತ್ತ ಓಡಿಬಂದರು. ಬೀಗದಕ್ಕ ಬಿಸ್ಕತ್ತಿನ ಡಬ್ಬಿ ತೆರೆದು ಒಂಬತ್ತು ಕಾರ್ಡನ್ನೂ ಒಂದೊಂದಾಗಿ ಉಜ್ಜಿ, ಮುಚ್ಚಳ ಹಾಕಿ, ನಿಧಾನಕ್ಕೆ ನಡೆದು ಮೈದಾನಕ್ಕೆ ಬಂದಳು.

ಗೆರೆಯ ಕೊನೆಯಲ್ಲಿ ಕೂತಿದ್ದ ನಾಲ್ವರನ್ನು ಕಂಡು ಸೀಟಿ ಸಾಹೇಬನ ಮುಖ ಹಿಂಡಿಕೊಂಡಿತು. ಅಧಿಕಾರಿಯೆದುರು ಬಾಯಿ ಬಿಡುವಂತಿರಲಿಲ್ಲ. ಜೀಪಿನಲ್ಲಿ ಒಬ್ಬನೇ ಬಂದಿದ್ದ ಆ ಅಧಿಕಾರಿ ವಯಸ್ಸಾದ, ಕಡಿಮೆ ಮಾತಿನ ಮನುಷ್ಯ.

"ಎಲ್ಲರೂ ಹೊರಗೆ ಸಾರ್," ಎಂದ ಸೀಟಿ ಸಾಹೇಬ ಯಂತ್ರದ ಪಟ್ಟಿ ಚಾಚಿ. "ಪ್ರತಿಯೊಂದು ಕಾರ್ಡೂ ಹೊರಗೆ ಬಂದಿದೆ. ಒಳಗೆ ಒಂದು ಸೊಳ್ಳೇನೂ ಇಲ್ಲ."

ಅಧಿಕಾರಿ ಸಹಿ ಹಾಕಲು ಪೆನ್ನು ತೆಗೆದ. ಅಷ್ಟರಲ್ಲಿ ಮೇಲಿನಿಂದ ದಡ್ ದಡ್ ಎಂಬ ಮಂದ ಸದ್ದು ಬಂತು. ಎಲ್ಲರೂ ತಲೆ ಎತ್ತಿದರು. ಮೂರನೆಯ ಅಂತಸ್ತಿನ ಗಾಜಿನ ಹಿಂದೆ ಅಂಗೈಗಳು, ಟೈಗಳು, ತೆರೆದ ಬಾಯಿಗಳು. ಅವರ ಹಿಂದೆ ಬೂದು ಹೊಗೆ.

"ಅಲ್ಲಿ ಯಾರ್ರೀ ಅದು?" ಎಂದ ಅಧಿಕಾರಿ.

ಸೀಟಿ ಸಾಹೇಬ ಕೈಯಲ್ಲಿದ್ದ ಪಟ್ಟಿ ತಿರುವಿಹಾಕಿದ. ಬೀಗದಕ್ಕ ಉತ್ತರ ಕೊಟ್ಟಳು.

"ಯಾರೂ ಇಲ್ಲ ಸಾರ್. ಲಿಸ್ಟ್ ನೋಡಿ. ಸಾಹೇಬರೇ ಎಣಿಸಿದಾರೆ."

"ಬಾಗಿಲು ತೆಗಿಯೇ," ಸೀಟಿ ಸಾಹೇಬ ಅವಳ ತೋಳು ಹಿಡಿದೆಳೆದ. "ನಡಿ ಮೇಲೆ. ಓಡು."

ಅವಳು ತೋಳು ಕೊಡವಿಕೊಂಡಳು. "ತಾಲೀಮು ಮುಗಿಯೋ ತನಕ ಒಬ್ಬರೂ ಒಳಗೆ ಹೋಗಬಾರದು ಸಾರ್. ನಿಯಮ ಅಂದ್ರೆ ನಿಯಮ."

"ಸೂಳೆ, ಕೀ ಕೊಡೇ."

ಅವಳು ತಕರಾರು ಮಾಡಲಿಲ್ಲ. ಸೊಂಟದಿಂದ ಗೊಂಚಲು ಬಿಚ್ಚಿ ಮೂವತ್ತೇಳನ್ನೂ ಅವನ ಅಂಗೈಗೆ ಸುರಿದಳು. ಅವನು ಬೆರಳಾಡಿಸಿದ. ಎಲ್ಲವೂ ಒಂದೇ ತರಹದ ಹಿತ್ತಾಳೆ, ಒಂದೇ ಉದ್ದ.

"ಯಾವುದೇ?"

"ಅದ್ರಲ್ಲೇ ಇದೆ ಸಾರ್. ಕೊಡಲಿ ಪೆಟ್ಟಿಗೇದೂ ಅದ್ರಲ್ಲೇ ಇದೆ."

"ಯಾವುದು ಅಂತ ಹೇಳೇ!"

"ಗುರುತು ಹಾಕಿದ್ದೆ. ನೀವೇ ಕತ್ತರಿಸಿದ್ರಿ."

ಅವನು ಹೊಡೆಯಲು ಕೈ ಎತ್ತಿದ. ಅಧಿಕಾರಿ ಆಗಲೇ ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಮೆಟ್ಟಿಲತ್ತ ಓಡುತ್ತಿದ್ದ. ಸೀಟಿ ಸಾಹೇಬ ಎತ್ತಿದ ಕೈ ಇಳಿಸಿ ಗೊಂಚಲು ಗಲಗಲ ಅನ್ನಿಸುತ್ತ ಅವನ ಹಿಂದೆ ಓಡಿದ. ಹೊಗೆಯೊಳಗಿನಿಂದ ಕಬ್ಬಿಣದ ಪೆಟ್ಟಿಗೆಯನ್ನು ಒದೆಯುವ ಸದ್ದು ಕೇಳಿಸಿತು. ಅಧಿಕಾರಿ ಯಾರಿಗೋ ಕೆಟ್ಟದಾಗಿ ಬೈಯುತ್ತಿದ್ದ. ಗುಮಾಸ್ತರಲ್ಲಿ ಒಬ್ಬನೂ ಗೆರೆ ದಾಟಲಿಲ್ಲ.

ಬೀಗದಕ್ಕ ಹೋಗಿ ತಂಗಿಯ ಪಕ್ಕ ನೆಲದ ಮೇಲೆ ಕೂತಳು. ಖಾಕಿ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡಳು. ಆಮೇಲೆ ಪೊಲೀಸರು ಬರುತ್ತಾರೆ, ಅದು ಅವಳಿಗೆ ಗೊತ್ತಿತ್ತು. ಎಲ್ಲಿಗೂ ಏಳುವ ಮನಸ್ಸಿರಲಿಲ್ಲ. ಮೇಲೆ ಗಾಜಿನ ಮೇಲಿನ ಅಂಗೈಗಳನ್ನು ಅಜ್ಜಿ ಬಾಯಿ ತೆರೆದು ನೋಡುತ್ತಿದ್ದಳು.

"ಆ ಗಾಜು ನಿನ್ನೆ ತಾನೇ ಒರೆಸಿದ್ದೆ ನಾನು," ಎಂದಳು.

ತಂಗಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಅಕ್ಕನ ಮಣಿಕಟ್ಟನ್ನು ಹಿಡಿದು ಗಡಿಯಾರ ತನ್ನ ಕಡೆಗೆ ತಿರುಗಿಸಿಕೊಂಡಳು.

"ಎಷ್ಟಾಯ್ತಕ್ಕ?" ಎಂದಳು ಆ ಹರಿದ ಗಂಟಲಲ್ಲಿ.

"ಐದು ನಿಮಿಷ," ಎಂದಳು ಬೀಗದಕ್ಕ. "ಹದಿನಾಲ್ಕಕ್ಕೆ ಇನ್ನೂ ಒಂಬತ್ತಿದೆ."