ಗಾಳಿಮನೆಯ ಕೈಗುಣ

ಅಕ್ಟೋಬರಿನಲ್ಲಿ ಕುರಿ ಕಡಿದು ತೊಡೆಗಳನ್ನು ಗಾಳಿಮನೆಯಲ್ಲಿ ನೇತುಹಾಕುವಾಗ, ಮದುವೆಯಾದ ಹೊಸತರ ಅಳುಕು ಪ್ರತಿ ವರ್ಷವೂ ನನಗೆ ಮರಳಿ ಬರುತ್ತಿತ್ತು. ಗಾಳಿಮನೆ ಎಂದರೆ ನಮ್ಮ ಫೆರೋ ದ್ವೀಪಗಳಲ್ಲಿ ಮನೆಯ ಮಗ್ಗುಲಿಗೇ ಇರುವ ಮರದ ಕೋಣೆ. ಗೋಡೆಯ ಪಟ್ಟಿಗಳ ನಡುವೆ ಬೆರಳು ತೂರುವಷ್ಟು ಸಂದು. ಉಪ್ಪಿಲ್ಲ, ಹೊಗೆಯಿಲ್ಲ. ಕಡಲ ಗಾಳಿಯೊಂದೇ ಒಳಗೆ ಬಂದು ಹೋಗಿ ಮಾಂಸವನ್ನು ಮಾಗಿಸಬೇಕು. ಕ್ರಿಸ್‌ಮಸ್ ಹೊತ್ತಿಗೆ ಅದು ಘಾಟು ಹಿಡಿಯುತ್ತದೆ, ವಸಂತದ ಹೊತ್ತಿಗೆ ಒಣಗಿ, ಹೆರೆದು ಬ್ರೆಡ್ಡಿನ ಮೇಲಿಟ್ಟು ತಿನ್ನುವಂತಾಗುತ್ತದೆ. ಘಾಟಿಗೂ ಕೊಳೆತಕ್ಕೂ ನಡುವೆ ಇರುವುದು ಕೂದಲೆಳೆಯ ಅಂತರ. ಅದನ್ನು ನಮ್ಮೂರಿನವರು ಮನೆಯ ಹೆಂಗಸಿನ ಕೈಗುಣ ಎನ್ನುತ್ತಾರೆ.

ನನ್ನ ಅತ್ತೆ ಎಲ್ಸ್ಪಾ ಅವರ ಕೈಗುಣ ಸುತ್ತಲ ಊರುಗಳಿಗೆಲ್ಲ ಗೊತ್ತಿತ್ತು. ಟುಮ್ಮಾಸ್ ನನ್ನನ್ನು ಮೊದಲ ಸಲ ಮನೆಗೆ ಕರೆತಂದದ್ದು ಒಂದು ಏಪ್ರಿಲ್‌ನಲ್ಲಿ. ಮಾವ ದಾನ್ಯಲ್ ಕಿಟಕಿಯ ಬಳಿ ಕೂತು ಬಲೆ ಹೆಣೆಯುತ್ತಿದ್ದರು. ಅತ್ತೆ ಚಾಕು ಒರೆಸಿ, ತೊಡೆಯಿಂದ ಒಂದು ತೆಳ್ಳನೆ ಚೂರು ಕೊಯ್ದು ನನ್ನ ಮುಂದಿಟ್ಟರು. ಕಡುಗೆಂಪು, ಅಂಚಿನಲ್ಲಿ ಹಳದಿ ಕೊಬ್ಬು. ಬಾಯಲ್ಲಿಟ್ಟರೆ ಮೊದಲು ಮೂಗಿಗೆ ಘಾಟು ಏರಿತು. ಆಮೇಲೆ ಬೆಟ್ಟದ ಹುಲ್ಲು, ಆಮೇಲೆ ಒಂದು ಸಿಹಿ, ಬಹಳ ಹೊತ್ತಿನ ತನಕ. ಈ ಮನೆಯಲ್ಲಿ ನಾನು ಬಾಳುತ್ತೇನೆ ಎಂದು ತೀರ್ಮಾನಿಸಿದ್ದು ಟುಮ್ಮಾಸನ ಮುಖ ನೋಡಿಯೋ ಆ ಚೂರು ತಿಂದೋ, ನನಗೇ ಹೇಳಲು ಬರುವುದಿಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಾವ ತೀರಿಕೊಂಡರು. ಸಾವಿನ ಮನೆ, ಆ ವರ್ಷ ಮಾಂಸ ನೇತುಹಾಕಲಿಲ್ಲ ಎಂದರು ಅತ್ತೆ. ಮುಂದಿನ ಬೇಸಿಗೆಯಲ್ಲಿ ನಮ್ಮ ಮದುವೆಯಾಯಿತು. ಅಕ್ಟೋಬರ್ ಬಂದಾಗ ಅತ್ತೆ ಗಾಳಿಮನೆಯ ಬೀಗದಕೈಯನ್ನು ಮೇಜಿನ ಮೇಲೆ ನನ್ನತ್ತ ಸರಿಸಿದರು.

"ಇನ್ಮೇಲೆ ನೀನೇ ನೋಡ್ಕೋ, ಸುನ್ವಾ."

ಹೊಸ ಸೊಸೆಗೆ ಇಷ್ಟು ಬೇಗ ಕೊಟ್ಟರಲ್ಲ ಎಂದು ನಾನು ಹಿಗ್ಗಿದೆ. ಆ ಹಿಗ್ಗು ನವೆಂಬರ್ ತನಕ ಇತ್ತು. ಆಮೇಲೆ ನೈಋತ್ಯದಿಂದ ಬಿರುಗಾಳಿ ಶುರುವಾಯಿತು, ಒಂದರ ಬೆನ್ನಿಗೆ ಒಂದು, ಜೊತೆಗೆ ಬೆಚ್ಚನೆ ಮಳೆ. ಫೆಬ್ರವರಿಯಲ್ಲಿ ಬಾಗಿಲು ತೆಗೆದರೆ ತೊಡೆಗಳ ಮೇಲೆ ಹಸಿರು ಬೂಷ್ಟು, ಕೆಳಗೆ ನೆಲದಲ್ಲಿ ಜಿಡ್ಡು. ಒಳ್ಳೆಯದನ್ನು ಆರಿಸಿ ತೊಳೆದು ಅತ್ತೆಗೆ ಕೊಟ್ಟೆ. ಅವರು ಒಂದು ಚೂರು ಅಗಿದು, ತಟ್ಟೆಯನ್ನು ಸ್ವಲ್ಪವೇ ಮುಂದೆ ತಳ್ಳಿದರು.

"ಪರವಾಗಿಲ್ಲ," ಎಂದರು.

ಆ ಒಂದು ಮಾತಿನ ಜೊತೆ ನಾನು ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದೆ. ನಡುವೆ ಒಂದೆರಡು ವರ್ಷ ಚೆನ್ನಾಗಿಯೇ ಬಂದಿತ್ತು, ಆದರೆ ಅವರ ಕಾಲದ ರುಚಿಯಂತೂ ಅಲ್ಲ. ಪಡುಗಡೆಯ ಸಂದುಗಳಿಗೆ ಹಲಗೆ ಬಡಿದೆ. ಸಣ್ಣ ಕುರಿ ಆರಿಸಿದೆ. ನೆರೆಯವರ ಮುಂದೆ ಅತ್ತೆ ಒಮ್ಮೆ ನಗುತ್ತಾ, "ನನ್ನ ಸೊಸೆ ಒಳ್ಳೇವಳೇ, ಆದ್ರೆ ಕೈ ಬಿಸಿ. ಮುಟ್ಟಿದ್ದೆಲ್ಲ ಬೆವರುತ್ತೆ," ಎಂದಿದ್ದರು. ಅಂದಿನಿಂದ ಮಾಂಸ ಮುಟ್ಟುವ ಮೊದಲು ಹಳ್ಳದ ನೀರಿನಲ್ಲಿ, ಬೆರಳು ಮರಗಟ್ಟುವ ತನಕ ಕೈ ಅದ್ದಿಡುತ್ತಿದ್ದೆ. ಟುಮ್ಮಾಸನಿಗೆ ಇದೆಲ್ಲ ತಮಾಷೆ.

"ಫ್ರೀಜರ್ ಇದೆಯಲ್ಲೇ. ಅದಕ್ಕೆ ಯಾರ ಕೈಗುಣವೂ ಬೇಡ."

"ನಿಮ್ಮಮ್ಮನಿಗೆ ಫ್ರೀಜರ್ ಮಾಂಸ ಕೊಡ್ತೀಯಾ?"

"ನಿನ್ನದನ್ನೇ ತಿಂದು ಬದುಕಿದ್ದಾಳೆ, ಅದನ್ನು ತಿಂದು ಸಾಯ್ತಾಳಾ?"

ಅವನು ನಗುತ್ತಿದ್ದ. ನಾನೂ ನಗುತ್ತಿದ್ದೆ. ಗಂಡಸರಿಗೆ ನಗುವುದು ಮುಗಿದರೆ ಮಾತು ಮುಗಿಯುತ್ತದೆ.

ನಾನು ಹೇಳಹೊರಟ ಆ ವರ್ಷ ಅತ್ತೆ ಊರಿನ ಮೇಲಿರುವ ವೃದ್ಧರ ಮನೆಯಲ್ಲಿದ್ದರು. ಊಟ ಸೇರುತ್ತಿರಲಿಲ್ಲ. ಆಲೂಗಡ್ಡೆಯನ್ನು ಚಮಚದಲ್ಲಿ ಅತ್ತಿಂದಿತ್ತ ಸರಿಸಿ ಬಿಟ್ಟುಬಿಡುತ್ತಿದ್ದರು. ಇನ್ನೊಂದು ಚಳಿಗಾಲ ದಾಟುವುದು ಅನುಮಾನ ಎಂದು ಅಲ್ಲಿನ ನರ್ಸ್ ಮೆಲ್ಲಗೆ ಹೇಳಿದ್ದಳು. ನನಗೆ ಒಂದೇ ಆಸೆ ಉಳಿದಿತ್ತು: ನನ್ನ ಕೈಯ ಮಾಂಸದ ಎರಡನೆಯ ಚೂರನ್ನು ಅವರು ತಾವಾಗಿ ಕೇಳಬೇಕು. ಇಷ್ಟು ವಯಸ್ಸಾದ ಹೆಂಗಸಿಗೆ ಇದೆಂಥ ಆಸೆ ಎಂದು ನಾಚಿಕೆಯಾಗುತ್ತಿತ್ತು. ಆದರೂ ಇತ್ತು.

ಆ ಚಳಿಗಾಲ ಬಿರುಗಾಳಿ ಬರಲಿಲ್ಲ. ಡಿಸೆಂಬರ್ ಪೂರ್ತಿ ಈಶಾನ್ಯದಿಂದ ಒಣ ಗಾಳಿ ಬೀಸಿತು. ಹುಲ್ಲು ಕಾಲಡಿಯಲ್ಲಿ ಪುಡಿಯಾಗುತ್ತಿತ್ತು. ರಾಜಧಾನಿಯ ಹಡಗು ಒಂದು ದಿನವೂ ತಪ್ಪಲಿಲ್ಲವೆಂದು ಜನ ಅಂಗಡಿಯಲ್ಲಿ ನಿಂತು ಅನುಮಾನದಿಂದ ಮಾತಾಡುತ್ತಿದ್ದರು. ಹಳಬರೊಬ್ಬರು, "ನಾನು ಹುಡುಗನಾಗಿದ್ದಾಗ ಹೀಗೇ ಇತ್ತು," ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಳಬರು ಎಲ್ಲದಕ್ಕೂ ಹಾಗನ್ನುತ್ತಾರೆ.

ಮಗಳು ಬಾರ್ಬಾ ಕ್ರಿಸ್‌ಮಸ್‌ಗೆ ಬಂದಳು. ಕಡಲಿನ ಬಿಸಿ, ಉಪ್ಪು ಅಳೆಯುವ ಹಡಗಿನಲ್ಲಿ ಅವಳ ಕೆಲಸ. ಗಾಳಿಮನೆಗೆ ನನ್ನ ಹಿಂದೆಯೇ ಬಂದು ಮೂಗು ಎತ್ತಿದಳು.

"ಅಮ್ಮ, ಈ ಸಲ ವಾಸನೆ ಬೇರೆ ಇದೆ."

"ಹೊಗಳಬೇಡ, ದೃಷ್ಟಿಯಾಗುತ್ತೆ."

"ನಿನ್ನ ಹೊಗಳ್ತಿಲ್ಲ, ಗಾಳೀನ ಹೊಗಳ್ತಿದೀನಿ." ಅವಳು ಗೋಡೆಗೆ ಅಂಗೈ ಹಿಡಿದಳು. "ಇಲ್ಲಿ ನೋಡು, ಅಜ್ಜ ಈಶಾನ್ಯದ ಕಡೆ ಸಂದು ಅಗಲ ಬಿಟ್ಟಿದಾರೆ. ಅವರ ಕಾಲದಲ್ಲಿ ಮುಖ್ಯ ಗಾಳಿ ಇಲ್ಲಿಂದ್ಲೇ ಬರ್ತಿತ್ತೇನೋ."

"ಗಾಳಿಗೂ ಕಾಲ ಇದೆಯೇನೆ?"

"ಬಿರುಗಾಳಿಗೂ ಓಡಾಡೋಕೆ ದಾರಿ ಅಂತ ಇರುತ್ತಮ್ಮ. ಕಡಲು ಎಷ್ಟೋ ವರ್ಷ ಬೆಚ್ಚಗಿರುತ್ತೆ, ಎಷ್ಟೋ ವರ್ಷ ತಣ್ಣಗಿರುತ್ತೆ. ಅದರ ಜೊತೆ ಈ ದಾರೀನೂ ಮೇಲೆ ಕೆಳಗೆ ಸರಿಯುತ್ತೆ ಅಂತಾರೆ. ಅಪ್ಪ ಹುಡುಗ ಆಗಿದ್ದಾಗ ಬಿರುಗಾಳಿಗಳು ತುಂಬಾ ಸಲ ನಮ್ಮ ದಕ್ಷಿಣಕ್ಕೇ ಹಾದು ಹೋಗ್ತಿದ್ವು. ನೀನು ಮದುವೆಯಾಗಿ ಬಂದ ಸುಮಾರಿಗೆ ದಾರಿ ನಮ್ಮ ತಲೆ ಮೇಲೆ ಬಂತು. ಈ ವರ್ಷ ಎಲ್ಲಾ ಮತ್ತೆ ದಕ್ಷಿಣಕ್ಕೆ ಹೋಗಿವೆ, ಸ್ಪೇನ್ ಕಡೆ."

"ಅಂದ್ರೆ ಹಳೇ ಗಾಳಿ ವಾಪಸ್ ಬಂತಾ?"

"ಅದನ್ನು ಒಂದು ಚಳಿಗಾಲ ನೋಡಿ ಹೇಳೋಕಾಗಲ್ಲ. ಎಲ್ಲಕ್ಕೂ ಕಡಲೇ ಕಾರಣ ಅಂತ ನಮ್ಮ ಹಡಗಲ್ಲಿ ಯಾರೂ ಆಣೆ ಹಾಕಲ್ಲ."

ಅವಳು ಒಳಗೆ ಹೋದ ಮೇಲೂ ನಾನು ಅಲ್ಲೇ ನಿಂತೆ. ಮನಸ್ಸು ಹಗುರವಾಗಬೇಕಿತ್ತು. ಆಗಲಿಲ್ಲ. ಕೆಟ್ಟದ್ದು ನನ್ನ ಕೈಯಿಂದ ಅಲ್ಲವಾದರೆ, ಈಗ ಚೆನ್ನಾಗಿ ಬಂದರೆ ಅದೂ ನನ್ನ ಕೈಯಿಂದ ಅಲ್ಲ. ಹಳ್ಳದ ನೀರಿನಲ್ಲಿ ಮರಗಟ್ಟಿಸಿಕೊಂಡ ಆ ಬೆರಳುಗಳನ್ನು ಏನು ಮಾಡಲಿ? ಆಮೇಲೆ ಸುತ್ತಿಗೆ ತಂದು, ಪಡುಗಡೆ ಬಡಿದಿದ್ದ ಹಲಗೆಗಳನ್ನು ಒಂದೊಂದಾಗಿ ಕಿತ್ತೆ. ಮೊಳೆಗಳು ತುಕ್ಕು ಹಿಡಿದು ಮರಕ್ಕೆ ಅಂಟಿಕೊಂಡಿದ್ದವು. ಬಂದ ಗಾಳಿ ಆ ಬದಿಯಿಂದ ಸಲೀಸಾಗಿ ಹೊರಗೆ ಹೋಯಿತು.

ಏಪ್ರಿಲ್‌ನಲ್ಲಿ ಮೊದಲ ತೊಡೆ ಕೊಯ್ದೆ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಒಂದು ಚೂರು ಬಾಯಲ್ಲಿಟ್ಟೆ. ಘಾಟು, ಬೆಟ್ಟದ ಹುಲ್ಲು, ಕೊನೆಗೆ ಆ ಸಿಹಿ. ಮಾವ ಕಿಟಕಿಯ ಬಳಿ ಕೂತಿದ್ದಾರೆ, ಇಪ್ಪತ್ತರ ಟುಮ್ಮಾಸ್ ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದಾನೆ ಎನ್ನಿಸಿತು. ಕುರ್ಚಿ ಎಳೆದುಕೊಂಡು ಸ್ವಲ್ಪ ಹೊತ್ತು ಕೂತೆ.

ಮಧ್ಯಾಹ್ನ ತೊಡೆಯನ್ನು ಬಟ್ಟೆಯಲ್ಲಿ ಸುತ್ತಿ, ಚಾಕು ಸಮೇತ ಅತ್ತೆಯ ಕೋಣೆಗೆ ಹೋದೆ. ಕೊಯ್ದು ಕೊಟ್ಟೆ. ಅವರು ಬಹಳ ಹೊತ್ತು ಅಗಿದರು.

"ಯಾರ ಮನೇದು?"

"ನಮ್ಮದೇ, ಅತ್ತೆ."

"ಸುಳ್ಳು ಹೇಳಬೇಡ."

"ಬೀಗದಕೈ ನನ್ನ ಹತ್ರಾನೇ ಇದೆಯಲ್ಲ."

ಅವರು ಕಿಟಕಿಯತ್ತ ತಿರುಗಿ ಕಡಲು ನೋಡಿದರು.

"ದಾನ್ಯಲ್ ತೀರ್ಕೊಂಡ ವರ್ಷ ಮಾಂಸ ನೇತುಹಾಕಲಿಲ್ಲ ಅಂದಿದ್ದೆ. ಹಾಕಿದ್ದೆ. ಎಲ್ಲಾ ಕೆಟ್ಟುಹೋಯ್ತು. ಯಾರಿಗೂ ಕಾಣದ ಹಾಗೆ ಬಂಡೆ ಹಿಂದೆ ಹೋಗಿ ಕಡಲಿಗೆ ಎಸೆದೆ. ಅಳ್ತಾ ಅಳ್ತಾ ಮುಟ್ಟಿದ್ದಕ್ಕೆ ಕೈಗುಣ ಅವರ ಜೊತೆಗೇ ಹೋಯ್ತು ಅಂದ್ಕೊಂಡೆ."

"ಅದಕ್ಕೇ ಬೀಗದಕೈ ನನಗೆ ಕೊಟ್ರಾ?"

"ನೀನು ಹುಡುಗಿ. ನಿನ್ನ ಕೈಲಾದ್ರೂ ಬರುತ್ತೆ ಅಂತ." ಬಟ್ಟೆಯ ಅಂಚನ್ನು ಮಡಚುತ್ತಾ, "ನಿನಗೂ ಬರದೇ ಇದ್ದಾಗ ಒಂಥರಾ ಸಮಾಧಾನವೂ ಆಯ್ತು. ಅದು ತಪ್ಪು," ಎಂದರು.

ನನಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಬಂದದ್ದು ಬೇರೆಯೇ. ಬಂಡೆಯ ಹಿಂದೆ ಒಬ್ಬಳೇ ನಿಂತ ವಿಧವೆ, ಹಳ್ಳದಲ್ಲಿ ಒಬ್ಬಳೇ ಕೈ ಅದ್ದಿ ಕೂತ ಸೊಸೆ. ಇಬ್ಬರ ನಡುವೆ ಒಂದೇ ಅಂಗಳ ಇತ್ತು.

"ಕೈ ಅಲ್ಲ ಅತ್ತೆ, ಗಾಳಿ. ಕಡಲು ಮಗ್ಗುಲು ಬದಲಾಯಿಸಿತ್ತಂತೆ. ಬಿರುಗಾಳಿ ದಾರಿ ನಮ್ಮೂರ ಮೇಲೇ ಬಂದಿತ್ತು ಅಂತಾಳೆ ಬಾರ್ಬಾ."

"ಇಷ್ಟು ವರ್ಷಾನಾ?"

"ಹೂಂ. ಇಷ್ಟು ವರ್ಷ."

ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಬಗ್ಗಿ ನೋಡಿದೆ, ನಗುತ್ತಿದ್ದರು.

"ಹಾಳು ಕಡಲು. ಒಂದು ಮಾತು ಹೇಳಿ ಹೊರಳಬಾರದಿತ್ತೇ?" ಎಂದು ಕಣ್ಣೊರೆಸಿಕೊಂಡರು. ಆಮೇಲೆ ತಟ್ಟೆಯನ್ನು ನನ್ನತ್ತ ಸರಿಸಿದರು. "ಇನ್ನೊಂದು ಚೂರು ಕೊಯ್ಯಿ. ತೆಳ್ಳಗೆ. ಮರ ಕೊಯ್ದ ಹಾಗೆ ಕೊಯ್ತೀಯ ನೀನು."

ನಾನು ಉಸಿರು ಬಿಗಿಹಿಡಿದು ತೆಳ್ಳಗೆ ಕೊಯ್ದೆ. ಕೊಡಲು ಹೋದಾಗ ಅವರು ಚೂರಿನ ಬದಲು ನನ್ನ ಕೈಯನ್ನೇ ಹಿಡಿದುಕೊಂಡರು.

"ಬಿಸಿ. ಈಗ್ಲೂ ಬಿಸಿನೇ ಇದೆ," ಎಂದರು.

ಆದರೆ ಬಿಡಲಿಲ್ಲ. ಚೂರನ್ನು ಎಡಗೈಗೆ ತೆಗೆದುಕೊಂಡು ನಾನೇ ಅವರ ಬಾಯಿಗೆ ಇಟ್ಟೆ.